ಚಾರಣದ ಅಡುಗೆಗೆ ಯಾವ ಲೋಹದ ಪಾತ್ರೆ?

ಪ್ರಶ್ನೆ: ನಾವಿಬ್ಬರು ವರ್ಷಕ್ಕೆ ಎರಡು ಮೂರು ಬಾರಿ ನಾಲ್ಕೈದು ದಿನಗಳ ಚಾರಣಕ್ಕೆ ಹೋಗುತ್ತೇವೆ. ಇದುವರೆಗೆ ಮನೆಯ ದಪ್ಪ ಸ್ಟೀಲ್ ಪಾತ್ರೆಯನ್ನೇ ಹೊತ್ತೊಯ್ಯುತ್ತಿದ್ದೆವು. ಮುಚ್ಚಳ ಸೇರಿ ಅದು ಮುಕ್ಕಾಲು ಕಿಲೋ ತೂಗುತ್ತದೆ. ಹಗುರವಾದದ್ದನ್ನು ಕೊಳ್ಳೋಣವೆಂದರೆ, ಅಲ್ಯೂಮಿನಿಯಂ ಮೆದುಳಿಗೆ ಕೆಡುಕು, ನಾನ್‌ಸ್ಟಿಕ್‌ನಿಂದ ಕ್ಯಾನ್ಸರ್ ಬರುತ್ತದೆ ಎಂದು ಹೆದರಿಸುವವರಿದ್ದಾರೆ. ಟೈಟಾನಿಯಂ ಅದರ ಬೆಲೆಗೆ ತಕ್ಕದ್ದೇ ಎಂಬ ಅನುಮಾನವೂ ಇದೆ. ಮನೆಯಲ್ಲಿ ತಯಾರಕರ ಗುರುತಿಲ್ಲದ ಹಳೆಯದೊಂದು ಎರಕದ ಅಲ್ಯೂಮಿನಿಯಂ ಪಾತ್ರೆ ಬಿದ್ದಿದೆ, ಅದನ್ನೇ ಒಯ್ಯಬಹುದೇ? ಬೆಳಿಗ್ಗೆ ಚಹಾ ಮತ್ತು ಓಟ್ಸ್, ರಾತ್ರಿ ಏನಾದರೊಂದು ಬೇಯಿಸಿದ ಊಟ ನಮ್ಮ ಪದ್ಧತಿ. ಒಲೆ ಗ್ಯಾಸಿನದು, ಅಪರೂಪಕ್ಕೆ ಸೌದೆ ಹಚ್ಚುತ್ತೇವೆ.

ಉತ್ತರ: ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ ಒಲೆಯ ಮೇಲೆ ನಿಜವಾಗಿ ಅಡುಗೆ ಮಾಡಿಕೊಳ್ಳುವ ಇಬ್ಬರಿಗೆ, ಒಳಗೆ ನಾನ್‌ಸ್ಟಿಕ್ ಲೇಪವಿಲ್ಲದ ಹಾರ್ಡ್ ಆನೊಡೈಸ್ಡ್ (ಮೇಲ್ಮೈಯ ಆಕ್ಸೈಡ್ ಪದರವನ್ನು ವಿದ್ಯುತ್ತಿನಿಂದ ದಪ್ಪವಾಗಿಸಿದ) ಅಲ್ಯೂಮಿನಿಯಂ ಪಾತ್ರೆ ಸರಿಯಾದ ಆಯ್ಕೆ. ನೀವು ಬರಿಯ ನೀರು ಕಾಯಿಸುವವರಾಗಿದ್ದರೆ ಟೈಟಾನಿಯಂ ಎನ್ನುತ್ತಿದ್ದೆ; ದಿನವೂ ಸೌದೆಯ ಬೆಂಕಿಯನ್ನೇ ನೆಚ್ಚಿಕೊಂಡವರಾಗಿದ್ದರೆ ತೆಳು ಸ್ಟೀಲ್ ಎನ್ನುತ್ತಿದ್ದೆ. ಸುರಕ್ಷತೆಯ ಮಾತಿಗೆ ಬಂದರೆ, ಅಡುಗೆ ಮುಟ್ಟುವುದು ಪಾತ್ರೆಯ ಒಳಮೈಯ ಅತಿ ತೆಳುವಾದ ಒಂದು ಪದರವನ್ನು ಮಾತ್ರ. ಆ ಪದರ ಯಾವುದು, ಅದನ್ನು ಏನು ಕೆಡಿಸುತ್ತದೆ ಎಂದು ತಿಳಿದುಕೊಂಡರೆ ನೀವು ಕೇಳಿರುವ ಭಯಗಳಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದಕ್ಕಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ತೂಕದ ಲೆಕ್ಕವನ್ನು ಮೊದಲು ಮುಗಿಸೋಣ, ಏಕೆಂದರೆ ಇಲ್ಲಿ ಅನೇಕರು ಮೋಸಹೋಗುತ್ತಾರೆ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ, ಟೈಟಾನಿಯಂ 4.5 ಗ್ರಾಂ, ಸ್ಟೇನ್‌ಲೆಸ್ ಸ್ಟೀಲ್ ಸುಮಾರು 8 ಗ್ರಾಂ ತೂಗುತ್ತದೆ. ಅಂದರೆ ಹಗುರವೆಂದು ಹೆಸರಾದ ಟೈಟಾನಿಯಂ ಅಲ್ಯೂಮಿನಿಯಂಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರದ ಲೋಹ; ಅದು ಗೆಲ್ಲುವುದು ಗಟ್ಟಿತನದಿಂದ, ಅದೇ ಬಲಕ್ಕೆ ತಗಡನ್ನು ಇನ್ನಷ್ಟು ತೆಳುವಾಗಿಸಬಹುದು ಎಂಬ ಕಾರಣದಿಂದ. 12 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರದ ಪಾತ್ರೆಯೊಂದನ್ನು ಕಲ್ಪಿಸಿಕೊಳ್ಳಿ, ಅದು ಸರಿಯಾಗಿ ಒಂದು ಲೀಟರ್ ಹಿಡಿಯುತ್ತದೆ. ತಳ, ಸುತ್ತುಗೋಡೆ, ಮುಚ್ಚಳ ಸೇರಿ ಅದಕ್ಕೆ ಸುಮಾರು 565 ಚದರ ಸೆಂಟಿಮೀಟರ್ ತಗಡು ಬೇಕು. ಹಿಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ 0.4 ಮಿ.ಮೀ. ದಪ್ಪದ ಟೈಟಾನಿಯಂನಲ್ಲಿ ಅದು ಹೆಚ್ಚುಕಡಿಮೆ 100 ಗ್ರಾಂ, 1 ಮಿ.ಮೀ. ಅಲ್ಯೂಮಿನಿಯಂನಲ್ಲಿ 150 ಗ್ರಾಂ, 0.5 ಮಿ.ಮೀ. ಸ್ಟೀಲ್‌ನಲ್ಲಿ 225 ಗ್ರಾಂ ಆಗುತ್ತದೆ. ಹೀಗಾಗಿ ಅಲ್ಯೂಮಿನಿಯಂನಿಂದ ಟೈಟಾನಿಯಂಗೆ ಹೋದರೆ ಉಳಿಯುವುದು 50 ಗ್ರಾಂ, ಎಂದರೆ ಎರಡು ಮೂರು ಗುಟುಕು ನೀರಿನ ತೂಕ. ನಿಮ್ಮ ಮುಕ್ಕಾಲು ಕಿಲೋ ಪಾತ್ರೆಯನ್ನು ಮನೆಯಲ್ಲಿ ಬಿಟ್ಟು ಈ ಮೂರರಲ್ಲಿ ಯಾವುದನ್ನು ಒಯ್ದರೂ, ಗಾತ್ರ ಸ್ವಲ್ಪ ದೊಡ್ಡದಾದರೂ, ದೊಡ್ಡ ಉಳಿತಾಯ ಆಗಲೇ ಆಗಿಹೋಗಿರುತ್ತದೆ.

ಈಗ ಅಲ್ಯೂಮಿನಿಯಂ. ಮೆದುಳಿನ ಕಾಯಿಲೆಯ ಭಯಕ್ಕೆ ಒಂದು ಇತಿಹಾಸವಿದೆ. 1965ರಲ್ಲಿ ಮೊಲಗಳ ಮೆದುಳಿಗೆ ಅಲ್ಯೂಮಿನಿಯಂ ಲವಣವನ್ನು ನೇರವಾಗಿ ಚುಚ್ಚಿದ ಪ್ರಯೋಗದಲ್ಲಿ ನರಕೋಶಗಳೊಳಗೆ ಗಂಟುಗಳಂಥ ರಚನೆಗಳು ಕಾಣಿಸಿಕೊಂಡವು. ಆಲ್ಝೈಮರ್ ರೋಗಿಗಳ ಮೆದುಳಿನಲ್ಲೂ ಗಂಟುಗಳಿರುವುದರಿಂದ ಎರಡನ್ನೂ ಜೋಡಿಸಿ ಯೋಚಿಸುವುದು ಸಹಜವೇ ಆಗಿತ್ತು. ಆದರೆ ಆ ಎರಡು ಬಗೆಯ ಗಂಟುಗಳ ರಚನೆ ಬೇರೆಬೇರೆ ಎಂದು ಮುಂದೆ ತಿಳಿಯಿತು, ಮತ್ತು ಅಡುಗೆ ಪಾತ್ರೆಗೂ ಆ ರೋಗಕ್ಕೂ ಕಾರಣ-ಪರಿಣಾಮದ ನಂಟು ಇದೆಯೆಂದು ನಂತರದ ದಶಕಗಳಲ್ಲಿ ಸ್ಥಾಪಿತವಾಗಲಿಲ್ಲ. ಹಾಗೆಂದು ಅಲ್ಯೂಮಿನಿಯಂ ನಿರುಪದ್ರವಿ ಎಂದೂ ಹೇಳಲಾಗದು. 1970ರ ದಶಕದಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಿನಲ್ಲಿದ್ದ ಅಲ್ಯೂಮಿನಿಯಂ ನೇರವಾಗಿ ರಕ್ತ ಸೇರಿ ಮೂತ್ರಪಿಂಡ ರೋಗಿಗಳ ಮೆದುಳು ಮತ್ತು ಮೂಳೆಗಳಿಗೆ ತೀವ್ರ ಹಾನಿಯಾದದ್ದು ವೈದ್ಯಕೀಯದಲ್ಲಿ ದಾಖಲಾದ ಸಂಗತಿ. ಊಟದ ಮೂಲಕ ಹೋದದ್ದರ ಕಥೆ ಬೇರೆ: ಅದರಲ್ಲಿ ಶೇಕಡ ಒಂದಕ್ಕಿಂತಲೂ ಬಹಳ ಕಡಿಮೆ ಪಾಲು ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಸೇರಿದ್ದನ್ನು ಆರೋಗ್ಯವಂತ ಮೂತ್ರಪಿಂಡಗಳು ಹೊರಹಾಕುತ್ತವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ವಾರಕ್ಕೆ 1 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞ ಸಮಿತಿ 2011ರಲ್ಲಿ 2 ಮಿಲಿಗ್ರಾಂ ಎಂದಿತು. ವರ್ಷಕ್ಕೆ ಹದಿನೈದು ದಿನ ಚಾರಣದಲ್ಲಿ ಉಣ್ಣುವವರಿಗೆ ಒಳ್ಳೆಯ ಪಾತ್ರೆಯಿಂದ ಬರುವ ಪಾಲು ಚಿಂತೆ ಮಾಡಬೇಕಾದಷ್ಟಲ್ಲ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಲೋಹವನ್ನು ಬಿಟ್ಟು ಸ್ಟೀಲ್ ಅಥವಾ ಟೈಟಾನಿಯಂಗೆ ಹೋಗಿ.

ಬರಿಯ ಅಲ್ಯೂಮಿನಿಯಂ ಮೇಲೆ ಗಾಳಿ ತಗುಲಿದ ಕೂಡಲೇ ಆಕ್ಸೈಡ್‌ನ ಪೊರೆಯೊಂದು ತಾನಾಗಿ ಕಟ್ಟಿಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಹುಳಿಯೂ ಉಪ್ಪೂ ಸೇರಿ ಈ ಪೊರೆಯನ್ನು ಕೊರೆಯುತ್ತವೆ. ಟೊಮೆಟೊ ಹಾಕಿದ ಸಾರನ್ನು ಬರಿಯ ಅಲ್ಯೂಮಿನಿಯಂನಲ್ಲಿ ಅರ್ಧ ಗಂಟೆ ಕುದಿಸಿದರೆ ಪಾತ್ರೆಯ ಒಳಮೈ ಫಳಫಳ ಹೊಳೆಯುವುದನ್ನು ನೀವು ನೋಡಿರಬಹುದು: ಹೋದ ಮಂಕು ಸಾರಿನೊಳಗೇ ಹೋಗಿದೆ. ಹಾರ್ಡ್ ಆನೊಡೈಸಿಂಗ್ ಎಂದರೆ ಇದೇ ಆಕ್ಸೈಡನ್ನು, ತಣ್ಣಗಿನ ಗಂಧಕಾಮ್ಲದಲ್ಲಿ ಪಾತ್ರೆಯನ್ನು ಮುಳುಗಿಸಿ ವಿದ್ಯುತ್ ಹಾಯಿಸಿ, ಹತ್ತಾರು ಮೈಕ್ರಾನ್ ದಪ್ಪಕ್ಕೆ ಬೆಳೆಸುವುದು. ಸಹಜ ಪೊರೆಗಿಂತ ಅದು ಸಾವಿರಾರು ಪಟ್ಟು ದಪ್ಪ. ಬಳಿದ ಬಣ್ಣವಲ್ಲದ್ದರಿಂದ, ಲೋಹದಿಂದಲೇ ಬೆಳೆದದ್ದರಿಂದ, ಹಪ್ಪಳದಂತೆ ಏಳುವುದಿಲ್ಲ. ಸ್ಟೀಲ್ ಚಮಚದಿಂದ ಸುಲಭಕ್ಕೆ ಗೀರುಬೀಳುವುದೂ ಇಲ್ಲ. ಅಂಥ ಪಾತ್ರೆಯಲ್ಲಿ ನಿಂಬೆ, ಟೊಮೆಟೊ ಹಾಕಿ ಅಡುಗೆ ಮಾಡಬಹುದು. ಆದರೆ ಮಿಕ್ಕಿದ್ದನ್ನು ಬೆಳಗಿನವರೆಗೆ ಅದರಲ್ಲೇ ಇಡುವ ಅಭ್ಯಾಸ ಬೇಡ.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು, ಏಕೆಂದರೆ ಹಳಬ ಚಾರಣಿಗರೇ ಈ ತಪ್ಪು ಮಾಡುವುದನ್ನು ಕಂಡಿದ್ದೇನೆ. ಊಟವಾದ ಮೇಲೆ ಒಲೆಯ ಬೂದಿಯನ್ನು ಹಿಡಿಯಲ್ಲಿ ತೆಗೆದುಕೊಂಡು ಪಾತ್ರೆ ತಿಕ್ಕುವುದು ಸ್ಟೀಲಿಗೆ ಸೊಗಸಾಗಿ ಒಪ್ಪುತ್ತದೆ. ಬೂದಿಯ ಕ್ಷಾರ ಜಿಡ್ಡನ್ನು ಸಾಬೂನಿನಂತೆ ಬಿಡಿಸುತ್ತದೆ. ಅದೇ ಕ್ಷಾರ ಅಲ್ಯೂಮಿನಿಯಂನ ಆಕ್ಸೈಡನ್ನೂ ಕರಗಿಸುತ್ತದೆ, ಆನೊಡೈಸ್ ಮಾಡಿದ್ದನ್ನೂ ಬಿಡುವುದಿಲ್ಲ. ಒದ್ದೆ ಬೂದಿ ಮೆತ್ತಿಕೊಂಡ ಪಾತ್ರೆಯನ್ನು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಬಿಳಚಿಕೊಂಡ ಕಲೆಗಳು ಕಾಣುತ್ತವೆ. ಮನೆಯ ಡಿಶ್‌ವಾಶರ್‌ನಲ್ಲಿ ಆನೊಡೈಸ್ಡ್ ಪಾತ್ರೆ ಇಡಬೇಡಿ ಎಂದು ತಯಾರಕರು ಹೇಳುವುದೂ ಅದರ ಮಾರ್ಜಕದ ಕ್ಷಾರದಿಂದಾಗಿಯೇ. ಬಿಸಿನೀರು, ಮೆತ್ತನೆಯ ಸ್ಪಂಜು ಸಾಕು. ಇನ್ನು ಬರಿಯ ಅಲ್ಯೂಮಿನಿಯಂನಲ್ಲಿ ನೀರು ಕಾಯಿಸಿದಾಗ ಒಳಗೆ ಕೂರುವ ಕಪ್ಪು-ಬೂದು ಛಾಯೆಯನ್ನು ಕೊಳೆಯೆಂದು ತಿಳಿದು ಕೆರೆದು ಹಾಕುವವರಿದ್ದಾರೆ. ಬಿಸಿನೀರಿನಿಂದ ದಪ್ಪವಾದ ಆಕ್ಸೈಡ್ ಪೊರೆಯೇ ಅದು, ನಿಮ್ಮನ್ನು ಕಾಪಾಡುತ್ತಿರುವುದೂ ಅದೇ. ಅದನ್ನು ಹಾಗೆಯೇ ಬಿಡಿ.

ಟೈಟಾನಿಯಂ ವಿಷಯದಲ್ಲಿ ಸುರಕ್ಷತೆಯ ಚರ್ಚೆ ಚಿಕ್ಕದು. ಮೂಳೆಗೆ ಹಾಕುವ ಸ್ಕ್ರೂಗಳು, ಹಲ್ಲಿನ ಇಂಪ್ಲಾಂಟ್‌ಗಳು ಈ ಲೋಹದಿಂದ ಆಗುತ್ತವೆ. ಹುಳಿ, ಉಪ್ಪು, ಬೂದಿ, ಬೆಂಕಿ ಯಾವುದೂ ಅಡುಗೆಯ ಮಟ್ಟದಲ್ಲಿ ಅದನ್ನು ಅಲುಗಿಸುವುದಿಲ್ಲ. ಒಲೆಯ ಮೇಲಿಟ್ಟ ನಂತರ ತಳದಲ್ಲಿ ಮೂಡುವ ನೀಲಿ-ಹೊನ್ನಿನ ಬಣ್ಣ ಆಕ್ಸೈಡ್ ಪದರ ದಪ್ಪವಾದಾಗ ಬೆಳಕು ತೋರುವ ಆಟ, ವಿಷವಲ್ಲ. ಯುರೋಪ್ ಒಕ್ಕೂಟ 2022ರಲ್ಲಿ ಟೈಟಾನಿಯಂ ಡೈಆಕ್ಸೈಡನ್ನು ಆಹಾರದಲ್ಲಿ ಬೆರೆಸುವುದನ್ನು ನಿಷೇಧಿಸಿದ್ದನ್ನು ಓದಿ ಕೆಲವರು ಗಾಬರಿಯಾಗಿದ್ದಾರೆ. ಅಲ್ಲಿ ಮಾತಿದ್ದದ್ದು ತಿಂಡಿಗಳಿಗೆ ಬಿಳಿ ಬಣ್ಣ ಕೊಡಲು ಹಾಕುವ ಪುಡಿಯ ಬಗ್ಗೆ, ಲೋಹಕ್ಕೆ ಅಂಟಿಕೊಂಡೇ ಇರುವ ಪದರದ ಬಗ್ಗೆ ಅಲ್ಲ. ಕೊಳ್ಳುವಾಗ ನೋಡಬೇಕಾದದ್ದು ಬೇರೆ: ‘ಟೈಟಾನಿಯಂ ಲೇಪಿತ’ ಎಂದು ಬರೆದಿರುವ ಬಾಣಲೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಮೇಲೆ ಬಲಪಡಿಸಿದ ನಾನ್‌ಸ್ಟಿಕ್ ಹಾಕಿದ್ದು. ಅದಕ್ಕೂ ಟೈಟಾನಿಯಂ ಪಾತ್ರೆಗೂ ಹೆಸರಿನ ನಂಟಷ್ಟೇ.

ಹಾಗಿದ್ದರೆ ನಿಮಗೆ ಟೈಟಾನಿಯಂ ಏಕೆ ಬೇಡ ಎಂದೆ? ಶಾಖದ ಕಾರಣಕ್ಕೆ. ‘ಟೈಟಾನಿಯಂ ಶಾಖವನ್ನು ಸಾಗಿಸುವುದಿಲ್ಲ, ಆದ್ದರಿಂದ ಗ್ಯಾಸ್ ಹೆಚ್ಚು ಖರ್ಚಾಗುತ್ತದೆ’ ಎಂಬ ಮಾತನ್ನು ನೀವು ಕೇಳಿರಬಹುದು. ಅದರ ಮೊದಲರ್ಧ ನಿಜ, ಎರಡನೆಯದು ತಪ್ಪು. ಅಲ್ಯೂಮಿನಿಯಂಗೆ ಹೋಲಿಸಿದರೆ ಟೈಟಾನಿಯಂನ ಶಾಖವಾಹಕತೆ ಸುಮಾರು ಹತ್ತನೆಯ ಒಂದು ಭಾಗ. ಆದರೂ ತಗಡು 0.4 ಮಿ.ಮೀ. ಮಾತ್ರ ಇರುವಾಗ, ಜೋರಾದ ಉರಿಯಲ್ಲಿ ಕೂಡ ತಳದ ಹೊರಮೈಗೂ ಒಳಮೈಗೂ ಇರುವ ಉಷ್ಣತೆಯ ಅಂತರ ಎರಡು ಮೂರು ಡಿಗ್ರಿ ಅಷ್ಟೇ. ಹೀಗಾಗಿ ನೀರು ಕಾಯುವುದು ತಡವಾಗುವುದಿಲ್ಲ. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಬೇಕಾದ ಶಾಖದಲ್ಲಿ ಪಾತ್ರೆ ತಾನು ಬಿಸಿಯಾಗಲು ಕಸಿಯುವ ಪಾಲು, ಟೈಟಾನಿಯಂ ಆಗಲಿ ಅಲ್ಯೂಮಿನಿಯಂ ಆಗಲಿ, ಶೇಕಡ 1ರಿಂದ 3ರಷ್ಟು. ಗಾಳಿಗೆ ಒಂದು ಮರೆ ಮತ್ತು ಪಾತ್ರೆಗೆ ಒಂದು ಮುಚ್ಚಳ ಉಳಿಸುವ ಗ್ಯಾಸಿನ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ.

ತೊಂದರೆ ಇರುವುದು ಶಾಖ ಅಡ್ಡಡ್ಡಲಾಗಿ ಹರಡುವುದರಲ್ಲಿ. ಜ್ವಾಲೆ ತಗುಲುವ ಜಾಗದಿಂದ ತಳದ ಅಂಚಿನವರೆಗೆ ಶಾಖವನ್ನು ಒಯ್ಯುವ ಸಾಮರ್ಥ್ಯ ಲೋಹದ ವಾಹಕತೆ ಮತ್ತು ತಗಡಿನ ದಪ್ಪ ಎರಡರ ಮೇಲೂ ನಿಂತಿದೆ. ಈ ಎರಡನ್ನೂ ಗುಣಿಸಿದರೆ 1 ಮಿ.ಮೀ. ಅಲ್ಯೂಮಿನಿಯಂ, 0.4 ಮಿ.ಮೀ. ಟೈಟಾನಿಯಂಗಿಂತ ಇಪ್ಪತ್ತು ಪಟ್ಟಿಗೂ ಮುಂದಿದೆ. ನೀರಾದರೆ ತಾನೇ ಮೇಲೆ ಕೆಳಗೆ ತಿರುಗಿ ಶಾಖವನ್ನು ಹಂಚಿಕೊಳ್ಳುತ್ತದೆ. ಓಟ್ಸ್ ಗಟ್ಟಿಯಾಗುತ್ತಿದ್ದಂತೆ ತಿರುಗುವುದನ್ನು ನಿಲ್ಲಿಸುತ್ತದೆ. ಆಗ ಟೈಟಾನಿಯಂ ಪಾತ್ರೆಯ ತಳದಲ್ಲಿ, ಒಲೆಯ ಜ್ವಾಲೆಯ ಅಚ್ಚನ್ನೇ ಒತ್ತಿದಂತೆ, ಸಣ್ಣದೊಂದು ಕಪ್ಪು ಉಂಗುರ ಮೂಡುತ್ತದೆ. ಅದರ ಸುತ್ತ ಓಟ್ಸ್ ಇನ್ನೂ ಬೆಂದೇ ಇರುವುದಿಲ್ಲ. ನನ್ನ 750 ಮಿ.ಲೀ. ಟೈಟಾನಿಯಂ ಪಾತ್ರೆಯ ತಳದಲ್ಲಿ ಆ ಉಂಗುರದ ಕಲೆ ಇವತ್ತಿಗೂ ಇದೆ, ನಾನೀಗ ಅದರಲ್ಲಿ ಚಹಾದ ನೀರನ್ನು ಬಿಟ್ಟು ಬೇರೇನನ್ನೂ ಇಡುವುದಿಲ್ಲ. ಬೆಳಿಗ್ಗೆ ಓಟ್ಸ್, ರಾತ್ರಿ ಊಟ ಎನ್ನುವ ನೀವು ಸೀದ ತಳವನ್ನು ತಣ್ಣೀರಿನಲ್ಲಿ ಕೆರೆಯುತ್ತಾ ಕೂರುವುದು 50 ಗ್ರಾಂ ಉಳಿಸಲು ತೆರುವ ದುಬಾರಿ ಬೆಲೆ.

ನಾನ್‌ಸ್ಟಿಕ್ ಕುರಿತು ಎರಡು ಬೇರೆ ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿವೆ. ಲೇಪವಾಗಿ ಬಳಸುವ ಪಿಟಿಎಫ್‌ಇ ಎಂಬ ಪಾಲಿಮರ್ 1938ರಲ್ಲಿ ಆಕಸ್ಮಿಕವಾಗಿ ಪತ್ತೆಯಾದದ್ದು. ಅದರ ಒಂದು ಚೂರು ಹೊಟ್ಟೆಗೆ ಹೋದರೆ ಜೀರ್ಣವಾಗದೆ ಹಾಗೇ ಹೊರಬರುತ್ತದೆ. ಕ್ಯಾನ್ಸರ್‌ನ ಮಾತು ಬಂದದ್ದು ಆ ಲೇಪವನ್ನು ತಯಾರಿಸುವಾಗ ಬಳಸುತ್ತಿದ್ದ ಪಿಎಫ್‌ಒಎ ಎಂಬ ಇನ್ನೊಂದು ರಾಸಾಯನಿಕದಿಂದ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಅದಕ್ಕೂ ಮೊದಲು, 2019ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಕಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಅದು ಸೇರಿತ್ತು. ಹೆಚ್ಚಿನ ಹಾನಿ ಆದದ್ದು ಕಾರ್ಖಾನೆಗಳ ಸುತ್ತಲಿನ ನೀರಿಗೆ, ಮತ್ತು ಆ ನೀರನ್ನು ಕುಡಿದವರಿಗೆ. ‘ಪಿಎಫ್‌ಒಎ ಮುಕ್ತ’ ಎಂಬ ಚೀಟಿ ಈಗ ಬಹುತೇಕ ಎಲ್ಲ ಪಾತ್ರೆಗಳ ಮೇಲೂ ಇರುತ್ತದೆ; ಅದರ ಬದಲು ಯಾವ ಫ್ಲೋರಿನ್ ಸಂಯುಕ್ತವನ್ನು ಬಳಸಿದ್ದಾರೆ ಎಂಬುದನ್ನು ಆ ಚೀಟಿ ಹೇಳುವುದಿಲ್ಲ. ಅಮೆರಿಕದ ಮಿನೆಸೋಟ ರಾಜ್ಯ 2025ರ ಆರಂಭದಿಂದ ಇಂಥ ಫ್ಲೋರಿನ್ ಸಂಯುಕ್ತಗಳ ಇಡೀ ಗುಂಪಿನ (ಪಿಎಫ್ಎಎಸ್) ರಾಸಾಯನಿಕಗಳನ್ನು ಬೇಕೆಂದೇ ಸೇರಿಸಿದ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಲ್ಲಿಸಿದೆ.

ಚಾರಣದಲ್ಲಿ ನನಗೆ ನಾನ್‌ಸ್ಟಿಕ್ ಬೇಡವೆನಿಸುವುದು ಇದಕ್ಕಿಂತಲೂ ಸರಳವಾದ ಕಾರಣಕ್ಕೆ. ಪಿಟಿಎಫ್‌ಇಯ ಸುರಕ್ಷಿತ ಮಿತಿಯನ್ನು ಸಾಮಾನ್ಯವಾಗಿ 260 ಡಿಗ್ರಿ ಸೆಲ್ಸಿಯಸ್ ಎಂದು ಇಡುತ್ತಾರೆ; 327 ಡಿಗ್ರಿಗೆ ಅದು ಕರಗುತ್ತದೆ; ಇನ್ನೂ ಮೇಲೇರಿದರೆ ಒಡೆದು ಬಿಡುವ ಹೊಗೆಯಿಂದ ಜ್ವರದಂಥ ತೊಂದರೆ ಬರುತ್ತದೆ, ಪಂಜರದ ಹಕ್ಕಿಗಳು ಸತ್ತ ಉದಾಹರಣೆಗಳಿವೆ. ಮನೆಯ ದಪ್ಪ ಬಾಣಲೆ ಅಷ್ಟು ಕಾಯಲು ಹಲವು ನಿಮಿಷ ಬೇಕು. 150 ಗ್ರಾಂ ತೂಕದ ಚಾರಣದ ಬಾಣಲೆಯನ್ನು ಖಾಲಿಯಾಗಿ ಜೋರುರಿಯ ಮೇಲಿಟ್ಟು ಎಣ್ಣೆ ಬಾಟಲಿ ಹುಡುಕಲು ಚೀಲದತ್ತ ತಿರುಗಿದರೆ ಒಂದು ನಿಮಿಷದೊಳಗೆ ಅದು ಮಿತಿ ದಾಟಬಹುದು, ಅದೂ ಜ್ವಾಲೆ ಒಂದೇ ಕಡೆ ಕೇಂದ್ರೀಕರಿಸುವ ಸಣ್ಣ ಒಲೆಯಲ್ಲಿ ಇನ್ನೂ ಬೇಗ. ಚೀಲದಲ್ಲಿ ಒಲೆ, ಚಾಕು, ಚಮಚಗಳ ಜೊತೆ ಉಜ್ಜಿಕೊಂಡು ಲೇಪ ಬೇಗ ಗೀರುಬೀಳುತ್ತದೆ ಎಂಬುದು ಇನ್ನೊಂದು. ದೋಸೆಯೋ ಮೊಟ್ಟೆಯೋ ಹುಯ್ಯಲೇಬೇಕು ಎನ್ನುವವರು ಒಯ್ಯಲಿ, ಆದರೆ ಎಣ್ಣೆಯನ್ನು ಮೊದಲೇ ಹಾಕಿ ಸಣ್ಣುರಿಯಲ್ಲಿಡಲಿ: ಎಣ್ಣೆ ಹೊಗೆಯಾಡತೊಡಗಿದರೆ ಉರಿ ತಗ್ಗಿಸಬೇಕೆಂಬ ಸೂಚನೆ ಸಿಕ್ಕಂತೆ. ಸೆರಾಮಿಕ್ ಎನ್ನುವ ಲೇಪ ಸಿಲಿಕಾ ಮೂಲದ್ದು, ಫ್ಲೋರಿನ್ ಅದರಲ್ಲಿಲ್ಲ, ಬಿಸಿಯನ್ನೂ ಹೆಚ್ಚು ತಡೆಯುತ್ತದೆ. ಅಂಟದಿರುವ ಗುಣ ಮಾತ್ರ ಬಹಳ ದಿನ ಉಳಿಯುವುದಿಲ್ಲ.

ಸ್ಟೀಲ್ ಕುರಿತು ಹೆಚ್ಚು ಹೇಳುವುದಿಲ್ಲ, ನಿಮಗೆ ಅದು ಹಳೆಯ ಪರಿಚಯ. 18/8 ಅಥವಾ 304 ಎಂದು ಗುರುತಿರುವುದರಲ್ಲಿ ಶೇಕಡ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್ ಇರುತ್ತದೆ. ಹೊಸ ಪಾತ್ರೆಯಲ್ಲಿ ಹುಳಿಯನ್ನು ಬಹುಹೊತ್ತು ಬೇಯಿಸಿದರೆ ಸ್ವಲ್ಪ ನಿಕ್ಕಲ್ ಬಿಡುತ್ತದೆ, ಬಳಸುತ್ತಾ ಹೋದಂತೆ ಅದು ಇಳಿಯುತ್ತದೆ. ನಿಕ್ಕಲ್ ಅಲರ್ಜಿ ಇರುವವರು ಗಮನಿಸಬೇಕು, ಉಳಿದವರಿಗೆ ಚಿಂತೆಯಿಲ್ಲ. ಸೌದೆಯ ಬೆಂಕಿಗೆ ಇದು ಒಪ್ಪುವ ಕಾರಣ ಕರಗುವ ಬಿಂದು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಗಾಳಿ ಊದಿದ ಕೆಂಡ ಅದಕ್ಕಿಂತ ಬಿಸಿ. ನೀರಿರುವವರೆಗೆ ಪಾತ್ರೆಗೆ ಏನೂ ಆಗದು, ನೀರು ಆರಿದ ಪಾತ್ರೆಯನ್ನು ಕೆಂಡದ ಮೇಲೆ ಮರೆತರೆ ತಳ ಕುಸಿಯುತ್ತದೆ. ನೀವು ಅಪರೂಪಕ್ಕೆ ಸೌದೆ ಹಚ್ಚುವುದರಿಂದ ಕಣ್ಣಿಟ್ಟಿದ್ದರೆ ಸಾಕು. ಆದರೆ ತಳದಲ್ಲಿ ಶಾಖ ಹಿಡಿಯುವ ರೆಕ್ಕೆಗಳನ್ನು ಬೆಸೆದ ಪಾತ್ರೆಯನ್ನು ಕೊಳ್ಳಬೇಡಿ. ಗ್ಯಾಸಿಗೆ ಅದು ಮಿತವ್ಯಯಿ, ಸೌದೆಗೆ ಇಟ್ಟರೆ ರೆಕ್ಕೆಗಳ ಸಂದಿಯ ಮಸಿಯನ್ನು ತೆಗೆಯಲಾಗದು.

ಎನಾಮಲ್ ಪಾತ್ರೆ ಒಳ್ಳೆಯದೇ, ಆದರೆ ಒಳಗೆ ಕಬ್ಬಿಣದ ತಗಡಿರುವುದರಿಂದ ಭಾರ, ಮತ್ತು ಚೀಲದಲ್ಲಿ ಬಡಿದು ಚಕ್ಕೆ ಏಳುತ್ತದೆ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳಲ್ಲಿ ಹುಳಿ ಬೇಯಿಸಿದರೆ ಕಿಲುಬು ಅಡುಗೆಗೆ ಇಳಿಯುತ್ತದೆ. ಸತುವಿನ ಲೇಪದ ಬಕೆಟ್, ಡಬ್ಬಿಗಳು ಅಡುಗೆಗೆ ಸಲ್ಲವು; ಪೇಯದ ಖಾಲಿ ಕ್ಯಾನುಗಳನ್ನು ಕತ್ತರಿಸಿ ಪಾತ್ರೆ ಮಾಡಿಕೊಳ್ಳುವವರು ಅವುಗಳ ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುತ್ತದೆ ಎಂಬುದನ್ನು ಮರೆಯುತ್ತಾರೆ. ಎರಡು ಗೋಡೆಯ ಲೋಟವನ್ನು, ಅದು ಯಾವ ಲೋಹದ್ದೇ ಆಗಲಿ, ಒಲೆಯ ಮೇಲೆ ಇಡಲೇಬಾರದು. ಗೋಡೆಗಳ ನಡುವೆ ಮುಚ್ಚಿಹೋದ ಗಾಳಿ ಹಿಗ್ಗಿ ಲೋಟ ಸಿಡಿಯಬಹುದು. ನೀವು ಕೊಳ್ಳುವ ಪಾತ್ರೆಯ ಹಿಡಿಗೆ ಸಿಲಿಕೋನ್ ತೊಡಿಸಿದ್ದರೆ, ಜ್ವಾಲೆ ಪಕ್ಕಕ್ಕೆ ಹರಡದಷ್ಟು ಉರಿಯಲ್ಲಿ ಅಡುಗೆ ಮಾಡಿ. ಸೌದೆ ಹಚ್ಚುವ ದಿನ ಅದನ್ನು ಕಳಚಿಡಿ.

ಗಾತ್ರದ ಬಗ್ಗೆ: ಇಬ್ಬರಿಗೆ 1.3ರಿಂದ 1.5 ಲೀಟರ್‌ನ, ಎತ್ತರಕ್ಕಿಂತ ಅಗಲ ಹೆಚ್ಚಿರುವ ಪಾತ್ರೆ ಒಂದೇ ಸಾಕು. ಅಗಲವಾದ ತಳ ಜ್ವಾಲೆಯನ್ನು ಪೂರ್ತಿ ಹಿಡಿಯುತ್ತದೆ, ಕಲಕಲು ಅನುಕೂಲ. ಆದರೆ ಗ್ಯಾಸ್ ಡಬ್ಬಿಯ ತಲೆಯ ಮೇಲೆಯೇ ಕೂರುವ ಒಲೆಯಾದರೆ, ಅಗಲ ಪಾತ್ರೆಯನ್ನಿಟ್ಟು ಸುತ್ತಲೂ ಗಾಳಿಮರೆ ಬಿಗಿಯಬೇಡಿ. ಶಾಖ ಕೆಳಕ್ಕೆ ತಿರುಗಿ ಡಬ್ಬಿ ಕಾಯುತ್ತದೆ. ಚಮಚ ಮರದ್ದಾದರೆ ಚೆನ್ನ.

ಕೊನೆಗೆ ನಿಮ್ಮ ಮನೆಯ ಎರಕದ ಪಾತ್ರೆ. ನೀವು ಕೇಳಿದವುಗಳಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ಅದೊಂದೇ. ಗುಜರಿಗೆ ಬಿದ್ದ ಎಂಜಿನ್ ಬಿಡಿಭಾಗ, ವಾಹನದ ಚೂರುಗಳನ್ನು ಒಟ್ಟಿಗೆ ಕರಗಿಸಿ ಎರಕ ಹೊಯ್ದ ಅಲ್ಯೂಮಿನಿಯಂ ಪಾತ್ರೆಗಳು ಹಲವು ದೇಶಗಳಲ್ಲಿ ಪರೀಕ್ಷೆಗೊಳಗಾಗಿ, ಹುಳಿದ್ರವದಲ್ಲಿ ಸೀಸವನ್ನು ಬಿಡುವುದು ಕಂಡುಬಂದಿದೆ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ತಿಳಿದುಬಂದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು; ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಇಂಥ ಮಿಶ್ರಲೋಹದ ಪಾತ್ರೆಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ನಿಮ್ಮ ಪಾತ್ರೆಯಲ್ಲಿ ಸೀಸ ಇದೆಯೆಂದು ನಾನು ಹೇಳುತ್ತಿಲ್ಲ. ಇಲ್ಲವೆಂದು ಹೇಳಲು ಅದರ ಮೇಲೆ ತಯಾರಕರ ಗುರುತಿಲ್ಲ, ಕಣ್ಣಿನಿಂದಲೋ ತೂಕದಿಂದಲೋ ಪತ್ತೆಹಚ್ಚುವ ದಾರಿಯೂ ಇಲ್ಲ. ಉಪಯೋಗಕ್ಕೆ ಬರಲೇಬೇಕೆಂದಿದ್ದರೆ ಡೇರೆಯ ಗೂಟಗಳನ್ನು ಹಾಕಿಡಿ, ಒಲೆಯ ಮೇಲೆ ಮಾತ್ರ ಇಡಬೇಡಿ.